ಹದ್ದನ್ನು ಮತ್ತೆ ನೋಡಲು ಬಿಡಲಿಲ್ಲ, ಅದಕ್ಕೇ ಈ ವನ್ಯಜೀವಿ ಆರೈಕೆ ಕೇಂದ್ರಕ್ಕೆ ದುಡ್ಡು ಕೊಡುತ್ತಿದ್ದೇನೆ

ಸಂಕ್ರಾಂತಿಯ ಮಾರನೇ ದಿನ ಪುಣೆಯ ಕೋಥರೂಡಿನ ನಮ್ಮ ಬಾಲ್ಕನಿ ಎದುರಿನ ಗುಲ್‌ಮೊಹರ್ ಮರದಲ್ಲಿ ಒಂದು ಹದ್ದು ತಲೆಕೆಳಗಾಗಿ ನೇತಾಡುತ್ತಿತ್ತು. ನೈಲಾನ್ ಮಾಂಜಾ. 2017ರಲ್ಲೇ ಹಸಿರು ನ್ಯಾಯಮಂಡಳಿ ಇಡೀ ದೇಶದಲ್ಲಿ ನಿಷೇಧಿಸಿದ ದಾರ ಇದು, ಇವತ್ತಿಗೂ ಗಾಳಿಪಟದ ಜೊತೆ ಸಿಗುತ್ತೆ ಅಂದ್ರೆ ಸಿಟ್ಟು ಬರುತ್ತೆ.

ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿದೆ. ಈ ವನ್ಯಜೀವಿ ಆರೈಕೆ ಕೇಂದ್ರದವರು ಬರಲು ಒಂದೂವರೆ ಗಂಟೆ ಆಯಿತು. ಇರೋದು ಒಂದೇ ಗಾಡಿ. ಬಂದ ಹುಡುಗಿ ಮೊದಲು ಮಾಡಿದ್ದು ಹದ್ದಿನ ತಲೆಗೆ ಟವೆಲ್ ಮುಚ್ಚಿದ್ದು. ಕತ್ತಲಾದ ತಕ್ಷಣ ಅದು ಒದ್ದಾಟ ನಿಲ್ಲಿಸಿತು. ದಾರವನ್ನು ಎಳೆಯಲಿಲ್ಲ, ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿದಳು. ರೆಕ್ಕೆಯ ಮುಂದಿನ ತೆಳು ಚರ್ಮ ಬ್ಲೇಡಿನಲ್ಲಿ ಕೊಯ್ದ ಹಾಗೆ ಸೀಳಿತ್ತು. ಪಕ್ಕದ ಮನೆಯವರು ಚಮಚದಲ್ಲಿ ನೀರು ತಂದರೆ "ಕಾಕೂ, ಪಾಣೀ ನಕೋ" ಅಂತ ತಡೆದಳು, ಬಾಯಿಗೆ ಬಿಟ್ಟ ನೀರು ಉಸಿರಿನ ದಾರಿಗೆ ಹೋಗಿಬಿಡುತ್ತೆ ಅಂತ.

ಆಮೇಲೆ ಮಗನನ್ನು ಕರೆದುಕೊಂಡು ನೋಡಲು ಬರಲಾ ಅಂತ ಕೇಳಿದೆ. ಆಗಲ್ಲ ಅಂದರು. ಆಗ ಬೇಜಾರಾಯಿತು, ನಿಜ. ಆದರೆ ಮನುಷ್ಯರನ್ನು ಕಂಡು ಹೆದರೋದು ಮರೆತ ಪ್ರಾಣಿ ಕಾಡಿಗೆ ಹೋಗಿ ಬದುಕಲ್ಲ ಅಲ್ವಾ? ದುಡ್ಡು ಕೊಟ್ಟವರಿಗೆಲ್ಲ ಮರಿಗಳ ಜೊತೆ ಸೆಲ್ಫಿ ತೆಗೆಸುವ ಜಾಗಕ್ಕಿಂತ ಬಾಗಿಲು ಮುಚ್ಚಿಟ್ಟ ಈ ಜಾಗವೇ ನನಗೆ ಜಾಸ್ತಿ ನಂಬಿಕೆ ಕೊಟ್ಟಿತು. ಫೋನಿನಲ್ಲಿ ಮಾತ್ರ ವಿಷಯ ತಿಳಿಸುತ್ತಿದ್ದರು. ಮೂಳೆ ಮುರಿದಿರಲಿಲ್ಲ, ಗಾಯ ಬೇಗ ಕೂಡಿತು, ಆದರೆ ರೆಕ್ಕೆಗೆ ಮತ್ತೆ ಬಲ ಬರಲು ಹಾರಾಡಬೇಕು. ಉದ್ದನೆಯ ಪಂಜರ ಒಂದೇ ಇದೆ, ಅದರಲ್ಲಿ ಬೇರೆ ಹಕ್ಕಿಗಳಿದ್ದವು. ಸರದಿ ಬರುವ ತನಕ ಗುಣವಾದ ಹಕ್ಕಿ ಸುಮ್ನೆ ಕೂತಿತ್ತು. ಈಗ ಎರಡನೇ ಪಂಜರಕ್ಕೆ ದುಡ್ಡು ಕೂಡಿಸುತ್ತಿದ್ದಾರೆ. ನಾನು ತಿಂಗಳಿಗೆ ಐನೂರು ಕೊಡುತ್ತಿರೋದು ಅದಕ್ಕೇ.

ಶಾಲೆ, ಹೌಸಿಂಗ್ ಸೊಸೈಟಿಗಳಿಗೆ ಬಂದು ಪಾಠವನ್ನೂ ಮಾಡುತ್ತಾರೆ. ನಮ್ಮಲ್ಲಿ ಹಾವಿನ ಬಗ್ಗೆ ಹೇಳಿದರು, ಬರೀ ಚಿತ್ರ ತೋರಿಸಿ, ಜೀವಂತ ಹಾವು ತಂದು ಆಡಿಸಲಿಲ್ಲ. ಮರಾಠಿಯ ಘೋಣಸ್ ಅಂದ್ರೆ ನಮ್ಮ ಕೊಳಕುಮಂಡಲ, ಧಾಮಣ್ ಅಂದ್ರೆ ಕೇರೆ ಹಾವು ಅಂತ ನಾನು ಮಗನಿಗೆ ಹೇಳಿದೆ. ಅವತ್ತು ರಾತ್ರಿಯೇ ಅವನು ಧಾರವಾಡಕ್ಕೆ ಫೋನ್ ಮಾಡಿ "ಅಜ್ಜಿ, ಹಿತ್ತಲಾಗ ಕೇರಿ ಹಾವು ಬಂದ್ರ ಹೊಡಿಬ್ಯಾಡ, ಅದಕ್ಕ ವಿಷ ಇಲ್ಲ" ಅಂದ.

ರಸೀದಿ ಮಾತ್ರ ಎರಡು ಸಲ ಕೇಳಿದ ಮೇಲೆ ಬಂತು, ಇದನ್ನು ಸರಿಮಾಡಿಕೊಳ್ಳಬೇಕು. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಬೇಕಿದ್ದರೆ 2000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ.

ದುಡ್ಡು ಆಗದಿದ್ದರೆ ರಟ್ಟಿನ ಡಬ್ಬಿ, ಹಳೇ ಪೇಪರ್, ಒಗೆದ ಟವೆಲ್ ಕೊಡಿ. ದಾರ ಬಿಚ್ಚಿಕೊಂಡ ಟವೆಲ್ ಬೇಡ, ಹಕ್ಕಿಯ ಉಗುರು ಸಿಕ್ಕಿಕೊಳ್ಳುತ್ತೆ.