ಇಂಕ್‌ಸ್ಕೇಪ್, ಲೇಟೆಕ್, ಪವರ್‌ಪಾಯಿಂಟ್: ಸಂಶೋಧನಾ ಪೋಸ್ಟರ್‌ಗೆ ನಾನು ಇಂಕ್‌ಸ್ಕೇಪ್ ಹಿಡಿದದ್ದು ಯಾಕೆ

ಈ ಸಲದ ಪೋಸ್ಟರ್ ಪ್ರಿಂಟ್ ಆಗಿ ಬಂದಾಗ ನಾನು ಮೊದಲು ನೋಡಿದ್ದು ಗ್ರಾಫಿನ ಅಕ್ಷದ ಮೇಲಿನ ಸಣ್ಣ ಅಂಕಿಗಳನ್ನು. ಮೂಗು ತಾಗುವಷ್ಟು ಹತ್ತಿರ ಹೋದರೂ ಅಂಚು ಮಸುಕಾಗಿರಲಿಲ್ಲ. ಹಿಂದೆ ಪವರ್‌ಪಾಯಿಂಟ್‌ನಲ್ಲೂ, ಆಜ್ಞೆಗಳನ್ನು ಬರೆದು ಪುಟ ಜೋಡಿಸುವ ಲೇಟೆಕ್‌ನಲ್ಲೂ ಪೋಸ್ಟರ್ ಮಾಡಿ, ಅದರ ಪಕ್ಕ ನಿಂತು ವಿವರಿಸಿದ್ದೇನೆ. ಈಗ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಮಾಡಿದ ಮೇಲೆ ಮತ್ತೆ ಆ ಕಡೆ ಹೋಗಲು ಮನಸ್ಸಿಲ್ಲ.

ಪವರ್‌ಪಾಯಿಂಟ್ ಎಲ್ಲರಿಗೂ ಗೊತ್ತಿರುವುದೇ ಅದರ ದೊಡ್ಡ ಬಲ. ಗೈಡ್‌ಗೆ ಫೈಲ್ ಕಳಿಸಿದರೆ ಅವರೇ ತೆರೆದು, ತಿದ್ದಿ, ವಾಪಸ್ ಕಳಿಸುತ್ತಾರೆ. ಸ್ಲೈಡಿನ ಅಳತೆ 56 ಇಂಚಿನವರೆಗೆ ಹೋಗುತ್ತದೆ, ಹಾಗಾಗಿ 841 × 1189 ಮಿ.ಮೀ.ನ ಎ0 ಸಲೀಸಾಗಿ ಕೂರುತ್ತದೆ. ಅಳತೆಯನ್ನು ಮೊದಲೇ ಇಟ್ಟುಕೊಳ್ಳಿ, ಆಮೇಲೆ ಬದಲಿಸಿದರೆ ಒಳಗಿರುವುದೆಲ್ಲ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಚಿತ್ರಗಳನ್ನು ಕುಗ್ಗಿಸಿ ಉಳಿಸುವ ಆಯ್ಕೆಯನ್ನೂ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬೇಕು.

ಗ್ರಾಫ್ ಮಸುಕಾಗುವುದರ ಹಿಂದೆ ಇರುವುದು ಸಣ್ಣ ಲೆಕ್ಕ. 1200 ಪಿಕ್ಸೆಲ್ ಅಗಲದ ಪಿಎನ್‌ಜಿ ಚಿತ್ರವನ್ನು 40 ಸೆಂ.ಮೀ. ಅಗಲಕ್ಕೆ ಎಳೆದರೆ ಇಂಚಿಗೆ ಸಿಗುವುದು ಸುಮಾರು 76 ಪಿಕ್ಸೆಲ್ ಮಾತ್ರ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಹಾಳೆಯ ಮೇಲೆ ಕಾಣುವುದಿಲ್ಲ. ಹೊಸ ಆವೃತ್ತಿಗಳಲ್ಲಿ ಎಸ್‌ವಿಜಿ, ಅಂದರೆ ಪಿಕ್ಸೆಲ್ ಬದಲು ಗೆರೆಗಳಾಗಿ ಉಳಿಯುವ ಚಿತ್ರ, ಹಾಕಬಹುದಾದ್ದರಿಂದ ಇದಕ್ಕೆ ದಾರಿ ಇದೆ. ಆದರೆ ಪರಿಚಿತ ತಂತ್ರಾಂಶ ಎಂದಮೇಲೆ ಹಳೆಯ ಸ್ಲೈಡುಗಳಿಂದ ಚಿತ್ರ ಎತ್ತಿ ಅಂಟಿಸುವ ಅಭ್ಯಾಸವೂ ಜೊತೆಗೇ ಬರುತ್ತದೆ. ನಮ್ಮ ಲ್ಯಾಬಿನ ಪೋಸ್ಟರ್‌ಗಳಲ್ಲಿ ಮಸುಕಾದ ಗ್ರಾಫ್‌ಗಳೆಲ್ಲ ಹೀಗೆ ಬಂದವೇ.

ಲೇಟೆಕ್ ಬಗ್ಗೆ ನನಗೆ ತುಂಬ ಗೌರವವಿದೆ. ಪ್ರಬಂಧವನ್ನು ಅದರಲ್ಲೇ ಬರೆಯುತ್ತೇನೆ. ಸಮೀಕರಣಗಳು ಅದರಲ್ಲಿ ಕಾಣುವಷ್ಟು ಚಂದ ಬೇರೆಲ್ಲೂ ಕಾಣುವುದಿಲ್ಲ. ಗ್ರಾಫಿನ ಫೈಲ್ ಬದಲಾದರೆ ಮತ್ತೊಮ್ಮೆ ಕಂಪೈಲ್ ಮಾಡಿದರಾಯಿತು, ಅಂದರೆ ಬರೆದ ಆಜ್ಞೆಗಳಿಂದ ಪಿಡಿಎಫ್ ತೆಗೆದರಾಯಿತು, ಹೊಸದು ತಾನೇ ಬಂದು ಕೂರುತ್ತದೆ. ಪೋಸ್ಟರ್‌ಗೆ ನಾನು ಬಳಸಿದ್ದು ಲೇಟೆಕ್‌ನದೇ ಬೀಮರ್‌ಪೋಸ್ಟರ್ ಎಂಬ ಪ್ಯಾಕೇಜ್. ಅಲ್ಲಿ ನನ್ನ ತಾಳ್ಮೆ ತಿಂದ ತೊಂದರೆ ಒಂದೇ: ಕಾಲಂನ ಎತ್ತರ.

ಬೀಮರ್‌ಪೋಸ್ಟರ್‌ನಲ್ಲಿ ಇಡೀ ಪೋಸ್ಟರ್ ಎಂದರೆ ಒಂದೇ ಒಂದು ಫ್ರೇಮ್, ಅಂದರೆ ಒಂದೇ ಸ್ಲೈಡ್. ಪ್ರಬಂಧದಲ್ಲಾದರೆ ಜಾಗ ಸಾಲದೆ ಹೋದಾಗ ಮುಂದಿನ ಪುಟವಿರುತ್ತದೆ. ಇಲ್ಲಿ ಮುಂದಿನ ಪುಟವೇ ಇಲ್ಲ, ಹೆಚ್ಚಾದದ್ದು ಹಾಳೆಯ ಅಂಚು ದಾಟಿ ಹೋಗುತ್ತದೆ. ಕಂಪೈಲ್ ನಿಲ್ಲುವುದಿಲ್ಲ, ಪಿಡಿಎಫ್ ಎಂದಿನಂತೆ ಹುಟ್ಟುತ್ತದೆ. ‘ಓವರ್‌ಫುಲ್’ (ಜಾಗ ಮೀರಿದೆ) ಎಂಬ ಒಂದು ಎಚ್ಚರಿಕೆ ಲಾಗ್ ಫೈಲಿನಲ್ಲಿ ನೂರಾರು ಸಾಲುಗಳ ನಡುವೆ ಸೇರಿಹೋಗಿರುತ್ತದೆ. ಕಾಲಂನ ತಳದಲ್ಲಿ ಸಾಮಾನ್ಯವಾಗಿ ಇರುವುದು ಉಲ್ಲೇಖಗಳು, ಕೃತಜ್ಞತೆ, ಕ್ಯೂಆರ್ ಕೋಡ್. ಮೊದಲು ಕತ್ತರಿಸಿಹೋಗುವುದು ಅವೇ.

ಸರಿಪಡಿಸಲು ಹೊರಟರೆ ಕೆಲಸ ಇನ್ನೂ ಬೆಳೆಯುತ್ತದೆ. ಗ್ರಾಫನ್ನು ಒಂದಿಷ್ಟು ಕುಗ್ಗಿಸಿದರೆ ಈ ಕಾಲಂ ಒಳಗೆ ಬರುತ್ತದೆ, ಆದರೆ ಪಕ್ಕದ ಕಾಲಂ ಜೊತೆ ಇದರ ತಳ ಸಮವಾಗುವುದಿಲ್ಲ. ಒಂದು ಬ್ಲಾಕನ್ನು ಅಲ್ಲಿಂದ ಇಲ್ಲಿಗೆ ತಂದರೆ ಅಲ್ಲಿ ಖಾಲಿ ಜಾಗ ಎದ್ದು ಕಾಣುತ್ತದೆ. ನಡುವೆ ಅಂತರ ತುಂಬಿದರೆ ಬ್ಲಾಕುಗಳು ಬಿಡಿಬಿಡಿಯಾಗಿ ತೇಲುತ್ತವೆ. ಪ್ರತಿ ಪ್ರಯತ್ನಕ್ಕೂ ಒಂದು ಕಂಪೈಲ್. ಪ್ರಿಂಟ್‌ಗೆ ಕೊಡುವ ಹಿಂದಿನ ಸಂಜೆ ಗೈಡ್ ನೋಡಿ, “ವಿಧಾನದಲ್ಲಿ ಇದೊಂದು ಸಾಲು ಸೇರಿಸಿಬಿಡಿ” ಅಂದರು. ಕೇಳಿದ್ದು ಒಂದೇ ಸಾಲು, ಅದೂ ಬೇಕಾದ ಸಾಲೇ. ಅದನ್ನು ಸೇರಿಸಿದ್ದಕ್ಕೆ ಮೂರು ಕಾಲಂಗಳನ್ನೂ ಮತ್ತೆ ಹೊಂದಿಸುತ್ತ ಕೂತೆ. ಆ ಹೊತ್ತಿನಲ್ಲಿ ನಾನು ಮಾಡಬೇಕಿದ್ದದ್ದು ಒಂದು ನಿಮಿಷದ ವಿವರಣೆಯನ್ನು ಬಾಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡುವ ಕೆಲಸ.

ಇಂಕ್‌ಸ್ಕೇಪ್‌ನಲ್ಲಿ ಇದೇ ತಿದ್ದುಪಡಿ ಎಂದರೆ ಸಾಲು ಬರೆದು, ಕೆಳಗಿನ ಚೌಕವನ್ನು ಹಿಡಿದು ಒಂದಿಷ್ಟು ಜಗ್ಗಿ, ಸಾಲಾಗಿ ಜೋಡಿಸುವ ಗುಂಡಿ ಒತ್ತುವುದು. ಅಷ್ಟೇ. ಹಾಳೆಯ ಅಂಚು ಸದಾ ಕಣ್ಣೆದುರಿಗಿರುತ್ತದೆ, ಹೊರಗೆ ಹೋದದ್ದು ಹೊರಗೇ ಕಾಣುತ್ತದೆ.

ನನ್ನ ಗ್ರಾಫ್‌ಗಳೆಲ್ಲ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿಯಲ್ಲಿ ಹುಟ್ಟುವವು. ಎಸ್‌ವಿಜಿಯಾಗಿ ಉಳಿಸಿ ನೇರ ಒಳಗೆ ತಂದರೆ ಎಷ್ಟು ಹಿಗ್ಗಿಸಿದರೂ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಒಂದು ವಿಷಯ ಮಾತ್ರ ತಿಳಿದಿರಬೇಕು: ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಅಕ್ಷರಗಳನ್ನು ಬರೀ ಆಕಾರಗಳನ್ನಾಗಿ ಬರೆಯುತ್ತದೆ. ಎಸ್‌ವಿಜಿ ಫಾಂಟ್‌ಟೈಪ್ ಎಂಬ ಸೆಟ್ಟಿಂಗನ್ನು ‘ನನ್’ (none) ಎಂದು ಬದಲಿಸಿದರೆ ಅಕ್ಷರ ಅಕ್ಷರವಾಗಿಯೇ ಬರುತ್ತದೆ. ಆಗ ಅಕ್ಷದ ಹೆಸರನ್ನು ಪೋಸ್ಟರ್‌ನಲ್ಲೇ ದೊಡ್ಡದು ಮಾಡಬಹುದು, ಗ್ರಾಫ್ ಮತ್ತೆ ಬರೆಯಬೇಕಿಲ್ಲ. ಹತ್ತಾರು ಸಾವಿರ ಚುಕ್ಕೆಗಳ ಗ್ರಾಫ್ ಇದ್ದರೆ ಇಂಕ್‌ಸ್ಕೇಪ್ ತೆವಳುತ್ತದೆ. ಚುಕ್ಕೆಗಳಿಗಷ್ಟೇ ‘ರಾಸ್ಟರೈಸ್ಡ್’, ಅಂದರೆ ಪಿಕ್ಸೆಲ್ ಚಿತ್ರವಾಗಿಸುವ, ಆಯ್ಕೆ ಕೊಟ್ಟರೆ ಅಕ್ಷ, ಅಂಕಿಗಳು ಚೂಪಾಗಿ ಉಳಿದು ಫೈಲೂ ಹಗುರಾಗುತ್ತದೆ.

ಕೊರತೆಗಳಿವೆ. ಕೋಷ್ಟಕ ಮಾಡುವ ಸಲಕರಣೆ ಇಲ್ಲ. ಗ್ರಾಫ್ ಬದಲಾದರೆ ಮತ್ತೆ ತಂದು ಅದೇ ಜಾಗದಲ್ಲಿ ಕೂರಿಸಬೇಕು. ಪರದೆಯ ಹೊಳೆಯುವ ನೀಲಿ ಪ್ರಿಂಟ್‌ನಲ್ಲಿ ಮಂಕಾಗುತ್ತದೆ, ಇದು ಮೂರಕ್ಕೂ ಇರುವ ತೊಂದರೆ. ಗೈಡ್ ಫೈಲನ್ನು ತೆರೆಯುವುದಿಲ್ಲ, ಪಿಡಿಎಫ್ ಮೇಲೆ ಗುರುತು ಹಾಕಿ ಕೊಡುತ್ತಾರೆ. ಫಾಂಟ್ ಕೈಕೊಡದಿರಲು ಕೊನೆಯ ಪಿಡಿಎಫ್ ತೆಗೆಯುವಾಗ ಅಕ್ಷರಗಳನ್ನು ಪಾತ್‌ಗಳಾಗಿ, ಅಂದರೆ ಬರೀ ಆಕಾರಗಳಾಗಿ, ಬದಲಿಸುವ ಆಯ್ಕೆ ಹಾಕುತ್ತೇನೆ.

ಎದುರಿಗೆ ನಿಂತು ವಿವರಿಸುವಾಗ ಈ ಸ್ವಾತಂತ್ರ್ಯದ ಬೆಲೆ ಗೊತ್ತಾಯಿತು. 2019ರಲ್ಲಿ ಮೈಕ್ ಮಾರಿಸನ್ ಎಂಬ ಮನಃಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ, ಪೋಸ್ಟರ್‌ನ ನಡುವೆ ಮುಖ್ಯ ಫಲಿತಾಂಶವನ್ನು ಸರಳ ಮಾತಿನಲ್ಲಿ ದೊಡ್ಡದಾಗಿ ಬರೆಯಿರಿ ಎಂದು ಹೇಳಿ ಒಂದು ಹೊಸ ವಿನ್ಯಾಸ ಮುಂದಿಟ್ಟಿದ್ದ. ನನಗೆ ಅದರಲ್ಲಿ ಅರ್ಧ ಒಪ್ಪಿಗೆ. ದೊಡ್ಡ ವಾಕ್ಯ ಬೇಕು, ಆದರೆ ಮಾತಾಡುವಾಗ ನಾನು ಬೆರಳಿಡುವುದು ಗ್ರಾಫಿನ ಮೇಲೆ. ಹಾಗಾಗಿ ವಾಕ್ಯವನ್ನು ಮೇಲಿಟ್ಟು, ಮುಖ್ಯ ಗ್ರಾಫನ್ನು ನಾನು ನಿಲ್ಲುವ ಬದಿಗೆ, ಕಣ್ಣಿನ ಎತ್ತರಕ್ಕೆ ತಂದೆ. ಬಂದವರು ನೋಡುವುದಕ್ಕೆ ನಾನು ಅಡ್ಡವಾಗಲಿಲ್ಲ. ಕಾಲಂಗಳ ಕಟ್ಟಿನಲ್ಲಿ ಇದನ್ನು ಮಾಡುವುದು ಕಷ್ಟವಿತ್ತು.

ಯಾವುದರಲ್ಲಿ ಮಾಡಿದರೂ ಎ4 ಹಾಳೆಯ ಮೇಲೆ ಒಂದು ಪ್ರತಿ ತೆಗೆದು ನೋಡಿ. ಎ0ದಿಂದ ಎ4ಕ್ಕೆ ಬಂದಾಗ ಉದ್ದ, ಅಗಲ ಎರಡೂ ಕಾಲು ಭಾಗವಾಗುತ್ತವೆ, 24 ಪಾಯಿಂಟ್ ಅಕ್ಷರ 6 ಪಾಯಿಂಟ್ ಆಗುತ್ತದೆ. ಅದನ್ನು ಕಣ್ಣು ಕಿರಿದು ಮಾಡದೆ ಓದಲಾಗದಿದ್ದರೆ ದೂರ ನಿಂತವರೂ ಪೋಸ್ಟರನ್ನು ಓದಲಾರರು.

ನಾಲ್ಕೈದು ಸಹಲೇಖಕರು ಒಂದೇ ಫೈಲನ್ನು ತಿದ್ದುವವರಿದ್ದರೆ ಪವರ್‌ಪಾಯಿಂಟ್‌ಗೇ ಹೋಗಿ. ಪೋಸ್ಟರ್ ತುಂಬ ಸಮೀಕರಣಗಳೇ ಇದ್ದರೆ ಲೇಟೆಕ್. ನಾನು ಒಬ್ಬಳೇ ಮಾಡುವವಳು, ಗ್ರಾಫ್‌ಗಳೇ ನನ್ನ ಪೋಸ್ಟರ್‌ನ ಜೀವ, ಲೈಸೆನ್ಸಿಗೆ ಕೊಡಲು ನನ್ನ ಬಳಿ ದುಡ್ಡಿಲ್ಲ. ಇಂಕ್‌ಸ್ಕೇಪ್ ಉಚಿತ. ಪೋಸ್ಟರ್‌ಗೆಂದು ಎತ್ತಿಟ್ಟ ಹಣವನ್ನು ಕಾಗದದ ಬದಲು ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಲು ಕೊಟ್ಟೆ, ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಹೋಗಬಹುದೆಂದು.