ಹುಟ್ಟುದಿನ, ಮೂರು ಬಾಗಿಲು, ಇಬ್ಬರು ಮಕ್ಕಳು: ತರಗತಿಗೆ ಯಾವ ಒಗಟು?

ಮಂಡ್ಯದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ತಾವು, ಸಂಭವನೀಯತೆಯ ಪಾಠಕ್ಕೆ ಈ ಮೂರರಲ್ಲಿ ಯಾವ ಒಗಟು ಹೊಂದುತ್ತದೆ ಎಂದು ಕೇಳಿದ್ದೀರಿ.

ಸಮಯ ಕಡಿಮೆಯಿದ್ದರೆ ಹುಟ್ಟುದಿನದ ಒಗಟು ಅನುಕೂಲ. 23 ಜನರಲ್ಲಿ 253 ಜೋಡಿಗಳಿರುವುದರಿಂದ, ಯಾರಾದರೂ ಇಬ್ಬರ ಹುಟ್ಟುದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. 40 ಮಕ್ಕಳಿದ್ದರೆ ಸುಮಾರು ಶೇ. 89. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸುವ ರೂಢಿ ನಮ್ಮಲ್ಲಿ ಇದ್ದುದರಿಂದ, ದಾಖಲೆಯನ್ನು ನಂಬದೆ ಮಕ್ಕಳನ್ನೇ ಕೇಳಿ.

ಉತ್ತರವನ್ನು ಕಣ್ಣಾರೆ ಪರೀಕ್ಷಿಸಬೇಕೆಂದರೆ ಮೂರು ಬಾಗಿಲಿನದು ಉತ್ತಮ. ಮೂರು ಬಾಗಿಲುಗಳಲ್ಲಿ ಒಂದರ ಹಿಂದೆ ಮಾತ್ರ ಬಹುಮಾನವಿರುವ ಆಟವದು; ಬಾಗಿಲುಗಳ ಬದಲು ಮೂರು ಲೋಟಗಳನ್ನು ಬೋರಲು ಹಾಕಿ, ಒಂದರಡಿ ಹುಣಸೆ ಬೀಜವಿಡಿ. ವಿದ್ಯಾರ್ಥಿ ಒಂದನ್ನು ಆರಿಸಿದ ಮೇಲೆ, ಬೀಜ ಎಲ್ಲಿದೆಯೆಂದು ಬಲ್ಲ ತಾವು ಉಳಿದೆರಡರಲ್ಲಿ ಖಾಲಿಯಾದ ಒಂದನ್ನು ಎತ್ತಿ ತೋರಿಸಿ, ಆಯ್ಕೆ ಬದಲಿಸುತ್ತೀಯಾ ಎಂದು ಕೇಳಿ. ಆಯ್ಕೆ ಬದಲಿಸಿದವರು ಮೂರರಲ್ಲಿ ಎರಡು ಪಾಲು ಗೆಲ್ಲುತ್ತಾರೆಂಬುದು ಹಲವು ಸುತ್ತು ಆಡಿದರೆ ಕಾಣುತ್ತದೆ. 1990ರಲ್ಲಿ ಅಮೆರಿಕದ ಅಂಕಣಕಾರ್ತಿ ಮರಿಲಿನ್ ವಾಸ್ ಸಾವಂತ್ ಇದೇ ಉತ್ತರ ಬರೆದಾಗ ಗಣಿತಜ್ಞರೂ ಆಕ್ಷೇಪಿಸಿದ್ದರು. ಜಗಳದ ಒಂದು ಮೂಲ ಹೇಳದೆ ಬಿಟ್ಟ ನಿಯಮದಲ್ಲಿದೆ: ಬೀಜದ ಜಾಗ ತಿಳಿಯದವರು ಎತ್ತಿದ ಲೋಟ ಅಕಸ್ಮಾತ್ ಖಾಲಿಯಾಗಿದ್ದರೆ, ಬದಲಿಸಿದವರು ಗೆಲ್ಲುವ ಸಂಭವ ಅರ್ಧ ಮಾತ್ರ.

ಪ್ರಶ್ನೆಯ ಮಾತನ್ನೇ ಒರೆಗೆ ಹಚ್ಚುವ ಚರ್ಚೆ ಬೇಕಾದರೆ ಮಾತ್ರ ಇಬ್ಬರು ಮಕ್ಕಳ ಒಗಟನ್ನು ತೆಗೆದುಕೊಳ್ಳಿ. 'ಒಬ್ಬನಾದರೂ ಗಂಡು ಮಗನಿದ್ದಾನೆಯೇ?' ಎಂಬ ಪ್ರಶ್ನೆಗೆ ಇಬ್ಬರು ಮಕ್ಕಳ ತಾಯಿ ಹೌದೆಂದರೆ, ಇಬ್ಬರೂ ಗಂಡಾಗಿರುವ ಸಂಭವ ಮೂರರಲ್ಲೊಂದು. ಇಬ್ಬರಲ್ಲಿ ಯಾರೋ ಒಬ್ಬರು ಆಕಸ್ಮಿಕವಾಗಿ ಎದುರಾಗಿ, ಆ ಮಗು ಗಂಡಾಗಿದ್ದರೆ, ಅರ್ಧ. ಹತ್ತನೇ ತರಗತಿಗಿಂತ ಪಿಯುಸಿ ಮಕ್ಕಳಿಗೆ ಇದು ಹೆಚ್ಚು ಒಗ್ಗುತ್ತದೆಂದು ನನ್ನ ಅಭಿಪ್ರಾಯ.