ತೂಕದ ಯಂತ್ರ, ಕ್ಯಾಲಿಪರ್, ಟೇಲರ್ ಟೇಪು: ಮೂರು ತಿಂಗಳು ಮೂರನ್ನೂ ನೋಡಿದ್ದಾಯ್ತು

ಮೂರು ತಿಂಗಳು ದಿನಾ ಬೆಳಿಗ್ಗೆ ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಗೆ ನಡೆದೆ. ವಾರಕ್ಕೆ ಮೂರು ದಿನ ದಂಡ, ಬೈಠಕ್. ರಾತ್ರಿ ರೊಟ್ಟಿ ನಾಲ್ಕರಿಂದ ಎರಡಕ್ಕೆ ಇಳಿಯಿತು. ಗಿರಮಿಟ್ ಉಳಿಯಿತು, ಜೊತೆಗಿನ ಮಿರ್ಚಿ ಹೋಯಿತು. ಇಷ್ಟೆಲ್ಲಾ ಮಾಡಿದ್ದಕ್ಕೆ ತೂಕ 74 ಕಿಲೋದಿಂದ 72ಕ್ಕೆ ಬಂತು. ಎರಡೇ ಕಿಲೋ! ಮಿರ್ಚಿ ಬಿಟ್ಟ ಸಂಕಟಕ್ಕೆ ಇದು ಯಾವ ಲೆಕ್ಕ? ಆದರೆ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು, ಅಲ್ವಾ?

ಇಬ್ಬರೂ ಹೇಳುತ್ತಿರಲಿಲ್ಲ. ಕೊಬ್ಬು ಕರಗಿ, ಜೊತೆಗೇ ಸ್ವಲ್ಪ ಸ್ನಾಯು ಕೂಡಿದರೆ ಕಾಟಾಕ್ಕೆ ಅದು ತಿಳಿಯುವುದಿಲ್ಲ. ಎತ್ತರ, ತೂಕ ಹಾಕಿ ತೆಗೆಯುವ ಬಿಎಂಐಗೂ ತಿಳಿಯುವುದಿಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ನಿಕ್ ಮತ್ತು ಲಂಡನ್ನಿನ ಡಾ. ಯೂಡ್ಕಿನ್ ತಮ್ಮದೇ ಲೆಕ್ಕ ಕೊಟ್ಟಿದ್ದರು. ಇಬ್ಬರ ಬಿಎಂಐ ಕೂಡ 22.3. ಮೈಯ ಕೊಬ್ಬು ಮಾತ್ರ ಯೂಡ್ಕಿನ್ ಅವರದು 9.1 ಶೇಕಡಾ, ಯಾಜ್ನಿಕ್ ಅವರದು 21.2. ನಮ್ಮ ಕಡೆ ಕೈಕಾಲು ಕಡ್ಡಿ, ಹೊಟ್ಟೆ ಗಡಿಗೆ ಇರುವವರನ್ನು ನೋಡಿದವರಿಗೆ ಇದೇನು ಹೊಸದಲ್ಲ.

ಹಾಗಾದರೆ ಕೊಬ್ಬನ್ನೇ ಅಳೆಯೋಣ ಅಂತ ಮೊದಲು ಕೊಂಡಿದ್ದು ಮೊಬೈಲಿಗೆ ಜೋಡಿಸುವ ಸ್ಮಾರ್ಟ್ ತೂಕದ ಯಂತ್ರ. ಬರಿಗಾಲಲ್ಲಿ ನಿಂತರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಸಣ್ಣ ಕರೆಂಟು ಹರಿಸುತ್ತದೆ. ನೀರಿರುವ ಸ್ನಾಯುವಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಆ ತಡೆಯ ಮೇಲೆ ಉಳಿದದ್ದೆಲ್ಲ ಲೆಕ್ಕ. ಅಂದರೆ ಅದು ನಿಜವಾಗಿ ಅಳೆಯುವುದು ನೀರನ್ನು, ಅದೂ ಹೆಚ್ಚಾಗಿ ಕಾಲಿನದು. ನನ್ನ ತೊಂದರೆ ಇದ್ದದ್ದು ಹೊಟ್ಟೆಯಲ್ಲಿ! ಒಂದು ದಿನ ಬೆಳಿಗ್ಗೆ ಕೊಬ್ಬು 26.8 ಶೇಕಡಾ ಅಂತು, ಅದೇ ಸಂಜೆ 23.9. ಹಗಲಿಡೀ ಕುರ್ಚಿಯಲ್ಲಿ ಕೂತು ಮೂರು ಶೇಕಡಾ ಕೊಬ್ಬು ಕರಗಿಸಿದ ಹುಬ್ಬಳ್ಳಿಯ ಮೊದಲ ಮನುಷ್ಯ ನಾನೇ ಇರಬೇಕು. ಆಪ್‌ನಲ್ಲಿ ‘ಅಥ್ಲೀಟ್’ ಅಂತ ಆರಿಸಿದರೆ ಇನ್ನೂ ಇಳಿಯುತ್ತದೆ. ಸುಮ್ನೆ ಆರಿಸಿ ನೋಡಿದೆ, ಖುಷಿಯಾಯಿತು, ಮತ್ತೆ ತೆಗೆದೆ.

ಆಮೇಲೆ ಕ್ಯಾಲಿಪರ್, ಅಂದರೆ ಚಿಮಟದಂಥ ಅಳತೆಯ ಸಾಧನ. ಪ್ಲಾಸ್ಟಿಕ್ಕಿನದು, ಅಗ್ಗ. ಗಂಡಸರಿಗೆ ಎದೆ, ಹೊಟ್ಟೆ, ತೊಡೆ ಮೂರು ಕಡೆ ಚರ್ಮವನ್ನು ಕೊಬ್ಬಿನ ಸಮೇತ ಹಿಡಿದು ಮಿಲಿಮೀಟರಿನಲ್ಲಿ ಅಳೆಯಬೇಕು. ಅದನ್ನು 1978ರ ಜಾಕ್ಸನ್–ಪೊಲಾಕ್ ಲೆಕ್ಕಕ್ಕೆ ವಯಸ್ಸಿನ ಜೊತೆ ಹಾಕಿದರೆ ಕೊಬ್ಬಿನ ಶೇಕಡಾ ಸಿಗುತ್ತದೆ. ಒಬ್ಬನೇ ಮಾಡಿದರೆ ಕೈ ತಿರುಚುತ್ತದೆ ಅಂತ ಮನೆಯವಳನ್ನು ಕರೆದೆ. “ಇದೇನ್ರೀ, ಸಂತ್ಯಾಗ ಬದ್ನಿಕಾಯಿ ಹಿಚಕಿ ನೋಡಿದಂಗ ಆತು,” ಅಂದಳು. ಅವಳು ಹಿಡಿದರೆ ಹೊಟ್ಟೆ 24 ಮಿಲಿಮೀಟರ್, ನಾನು ಹಿಡಿದರೆ 29. ನುರಿತ ಕೈ ಇದ್ದರೆ ಇದು ಒಳ್ಳೆಯ ಸಾಧನವೇ. ಜಿಮ್ಮಿನಲ್ಲಿ ಪ್ರತಿ ಸಲ ಒಬ್ಬರೇ ಅಳೆಯುವುದಾದರೆ ಮಾಡಿಸಿ. ಆದರೆ ಒಳಗೆ ಕರುಳಿನ ಸುತ್ತ ಕೂತ ಕೊಬ್ಬು ಇದರ ಚಿಮಟಕ್ಕೆ ಸಿಗುವುದಿಲ್ಲ. ಸಕ್ಕರೆ ಕಾಯಿಲೆಯ ಜೊತೆ ಹೆಚ್ಚು ನಂಟಿರುವುದು ಆ ಒಳಗಿನ ಕೊಬ್ಬಿಗೇ.

ಕೊನೆಗೆ ಗೆದ್ದದ್ದು ಟೇಪು. ಪ್ಯಾಂಟು ಹಿಡಿಸಲು ದುರ್ಗದ ಬೈಲಿನ ಹತ್ತಿರದ ನಮ್ಮ ಟೇಲರ್ ಕಾಕಾನ ಅಂಗಡಿಗೆ ಹೋಗಿದ್ದೆ. ಟೇಪು ಸುತ್ತಿದ ಕಾಕಾ ತಲೆಯನ್ನೂ ಎತ್ತದೆ, “ಹೊಟ್ಟಿ ಬಿಡ್ರಿ ಸರ್,” ಅಂದರು. ನಾನು ಉಸಿರು ಹಿಡಿದದ್ದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಟೇಪು ಹಿಡಿದಾಗಲೂ ಹೀಗೇ ಮಾಡುತ್ತಿದ್ದೆನೋ ಏನೋ! ಅವತ್ತಿನಿಂದ ನಿಯಮ ಕಟ್ಟುನಿಟ್ಟು: ಭಾನುವಾರ ಬೆಳಿಗ್ಗೆ, ಕಕ್ಕಸಿಗೆ ಹೋಗಿ ಬಂದ ಮೇಲೆ, ಚಹಾಕ್ಕೆ ಮೊದಲು, ಉಸಿರು ಬಿಟ್ಟು, ಹೊಕ್ಕುಳ ಮಟ್ಟದಲ್ಲಿ, ಮೂರು ಸಲ. ಟೇಪು ಹಿಂದೆ ಬೆನ್ನಲ್ಲಿ ಜಾರಿದೆಯೋ ಅಂತ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ.

ಈ ಅಳತೆಯಿಂದ ಕೊಬ್ಬಿನ ಶೇಕಡಾವನ್ನೂ ತೆಗೆಯಬಹುದು. ಅಮೆರಿಕದ ನೌಕಾಪಡೆಗೆಂದು 1984ರಲ್ಲಿ ಮಾಡಿದ ಸೂತ್ರವಿದೆ. ಗಂಡಸರಿಗೆ ಎತ್ತರ, ಕುತ್ತಿಗೆ, ಹೊಟ್ಟೆ ಸಾಕು. ಹೆಂಗಸರಿಗೆ ಪೃಷ್ಠದ ಸುತ್ತಳತೆಯೂ ಬೇಕು. ನನ್ನ ಎತ್ತರ 170 ಸೆಂಟಿಮೀಟರ್, ಕುತ್ತಿಗೆ 38. ಶುರುವಿನಲ್ಲಿ ಹೊಟ್ಟೆ 94 ಇತ್ತು, ಲೆಕ್ಕ ಹಾಕಿದರೆ ಕೊಬ್ಬು 24.3 ಶೇಕಡಾ. ಈಗ ಹೊಟ್ಟೆ 89, ಕೊಬ್ಬು 20.8. ಇದೂ ಅಂದಾಜೇ. ಟೇಪು ಎರಡು ಸೆಂಟಿಮೀಟರ್ ತಪ್ಪಿದರೆ ಸುಮಾರು ಒಂದೂವರೆ ಶೇಕಡಾ ಜಿಗಿಯುತ್ತದೆ. ಹಾಗಾಗಿ ನಾನು ಶೇಕಡಾ ಬರೆದಿಡುವುದಿಲ್ಲ, ಸೆಂಟಿಮೀಟರನ್ನಷ್ಟೇ ಬರೆಯುತ್ತೇನೆ. ಭಾರತೀಯ ಗಂಡಸರಿಗೆ ಸೊಂಟ 90, ಹೆಂಗಸರಿಗೆ 80 ದಾಟಬಾರದು ಅಂತಾರೆ. ಒಂದು ಸೆಂಟಿಮೀಟರಿನಲ್ಲಿ ಪಾಸಾಗಿದ್ದೇನೆ.

ಕನ್ನಡಿ ಮುಂದೆ ಫೋಟೋ ತೆಗೆಯುವುದನ್ನೂ ಮಾಡಿದೆ. ಬೆಳಕು ಬದಲಾದರೆ ಹೊಟ್ಟೆಯೂ ಬದಲಾಗುತ್ತದೆ, ಬಿಟ್ಟೆ. ಎಕ್ಸ್‌-ರೇಯಿಂದ ಮೈಯ ಕೊಬ್ಬನ್ನು ಅಳೆಯುವ ಡೆಕ್ಸಾ ಸ್ಕ್ಯಾನಿನ ಖರ್ಚು ನನ್ನ ಹೊಟ್ಟೆಗೆ ಜಾಸ್ತಿ ಅನಿಸಿತು.

ಮೈ ಗಟ್ಟಿಯಾಗಿದೆಯೋ ಇಲ್ಲವೋ ಅನ್ನುವುದು ಮಾತ್ರ ಟೇಪಿಗೂ ಗೊತ್ತಾಗುವುದಿಲ್ಲ. ಅದಕ್ಕೆ ನೃಪತುಂಗ ಬೆಟ್ಟವೇ ಬೇಕು. ಮೊದಲು ನಡುವೆ ಎರಡು ಕಡೆ ನಿಲ್ಲುತ್ತಿದ್ದೆ, ಈಗ ಒಂದೇ ಉಸಿರಿಗೆ ಮೇಲೆ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಎಣಿಸಿದ ನಾಡಿ ನಿಮಿಷಕ್ಕೆ 78 ಇದ್ದದ್ದು 69ಕ್ಕೆ ಬಂದಿದೆ. ಇದಕ್ಕೆ ಬೇಕಾದ್ದು ಎರಡು ಬೆರಳು, ಒಂದು ಗಡಿಯಾರ.

ಸೊಂಟ ಎತ್ತರದ ಅರ್ಧದೊಳಗೆ ಇರಬೇಕು ಅನ್ನುವ ಇನ್ನೊಂದು ಲೆಕ್ಕದ ಪ್ರಕಾರ ನನಗೆ 85 ಆಗಬೇಕು. ಇನ್ನೂ ನಾಲ್ಕು ಸೆಂಟಿಮೀಟರ್ ಬಾಕಿ. ಪ್ಯಾಂಟಿನ ಒಳಗೆ ಬಟ್ಟೆ ಬಿಟ್ಟೇ ಹೊಲಿದಿದ್ದಾರೆ ಕಾಕಾ, ಯಾಕೆ ಅಂತ ನಾನು ಕೇಳಲಿಲ್ಲ. ಸ್ಮಾರ್ಟ್ ಯಂತ್ರದ ಮೇಲೆ ಮನೆಯವಳು ಈಗ ಜೋಳದ ಚೀಲ ತೂಗುತ್ತಾಳೆ.